ಗುರುಶಾಂತಪ್ಪನವರ ಮನೆಯ ಉಗ್ರಾಣ

ಆ ಮನೆಯನ್ನು ನಾವು ಕೊಂಡದ್ದು ಅಡುಗೆಮನೆಯ ಆಸೆಯಿಂದ. ಇದ್ದ ಅಡುಗೆಮನೆಯ ಆಸೆಯಿಂದಲ್ಲ, ಅದು ಇಬ್ಬರು ನಿಂತರೆ ಮೂರನೆಯವರು ಹೊರಗೆ ಬರಬೇಕಾದಷ್ಟು ಇಕ್ಕಟ್ಟು. ಅದರ ಹಿಂದಿನ ಉಗ್ರಾಣದ ಗೋಡೆ ಒಡೆದರೆ ಆಗಬಹುದಾದ ಅಡುಗೆಮನೆಯ ಆಸೆಯಿಂದ. ಹದಿನೆಂಟು ವರ್ಷ ಬಾಡಿಗೆ ಮನೆಯ ಜಗಲಿಯಲ್ಲಿ ಕೂತು ಹಪ್ಪಳ ಲಟ್ಟಿಸಿದವಳು ನಾನು. ಮೋಡವಾದರೆ ಹಿಟ್ಟಿನ ಪರಾತ ಎತ್ತಿಕೊಂಡು ಒಳಗೆ ಓಡಬೇಕು, ಬಿಸಿಲಾದರೆ ಮಾಲೀಕರ ತಾರಸಿಗೆ ಅಪ್ಪಣೆ ಕೇಳಬೇಕು. ಊರಿನ ಮೂರು ಹಾಸ್ಟೆಲ್ಲಿನವರು ಮುಂದಿನ ಜೂನ್‌ನಿಂದ ನನ್ನ ಹಪ್ಪಳವನ್ನೇ ತೆಗೆದುಕೊಳ್ಳುತ್ತೇವೆ ಎಂದಾಗ, ಇನ್ನು ಜಗಲಿಯಲ್ಲಿ ಆಗುವ ಕೆಲಸವಲ್ಲ ಇದು ಅನಿಸಿತು. ನನ್ನ ಗಂಡ ಓಬಳೇಶ ಗೂಡ್ಸ್ ಆಟೋ ಓಡಿಸುತ್ತಾನೆ. ಈರುಳ್ಳಿ ಚೀಲ ತರಲು ಹೋದವನು ಊರಾಚೆ ಒಂದು ಮೈಲಿ ದೂರದಲ್ಲಿ ಹೊಲಗಳ ನಡುವೆ ನಿಂತಿದ್ದ ಗುರುಶಾಂತಪ್ಪನವರ ಮನೆ ಮಾರಾಟಕ್ಕಿರುವ ಸುದ್ದಿ ತಂದ.

ನಮ್ಮೂರಿನಲ್ಲಿ ಹಳೆಯ ಮನೆ ಕೊಳ್ಳುವವರು ಮೊದಲು ನೀರು, ದಾರಿ, ದಿಕ್ಕು ಕೇಳುವುದಿಲ್ಲ. ‘ಜೀವ ಇರೋ ಕೋಣೆ ಎಷ್ಟು?’ ಎಂದು ಕೇಳುತ್ತಾರೆ. ಇಲ್ಲಿ ಮನೆಯೊಳಗೆ ಮಗು ಹುಟ್ಟಿದರೆ ವರ್ಷ ತುಂಬುವುದರೊಳಗೆ ಆ ಮನೆಗೆ ಒಂದು ಕೋಣೆ ಬೆಳೆಯುತ್ತದೆ. ಕೂಸು ಮಗುಚಿಕೊಳ್ಳುವ ಹೊತ್ತಿಗೆ ಪಾಯ ಕಾಣುತ್ತದೆ, ಅಂಬೆಗಾಲಿಡುವ ಹೊತ್ತಿಗೆ ಗೋಡೆ ಮೊಣಕಾಲುದ್ದ ಬಂದಿರುತ್ತದೆ, ಎದ್ದು ನಿಲ್ಲುವ ಹೊತ್ತಿಗೆ ಸೂರು. ಆ ಕೋಣೆ ಆ ಮಗುವಿನದು. ಅದು ಬದುಕಿರುವ ತನಕ ಬೇರೆ ಯಾರೇ ಕೆಡವಿದರೂ ಬೆಳಗಾಗುವುದರೊಳಗೆ ಇಟ್ಟಿಗೆಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತಿರುತ್ತವೆ. ಕೋಣೆಯ ಒಡೆಯರೇ ಬಂದು ಮೊದಲ ಇಟ್ಟಿಗೆಯನ್ನು ಕೈಯಾರೆ ಕಿತ್ತರೆ ಮಾತ್ರ ಗೋಡೆ ಬಿಟ್ಟುಕೊಡುತ್ತದೆ. ಒಡೆಯರು ತೀರಿಕೊಂಡ ಮೇಲೆ ಅದೂ ಎಲ್ಲ ಕೋಣೆಗಳಂತೆ ಒಂದು ಕೋಣೆ. ಹೀಗಾಗಿ ಚೂರು ಜಾಗದಲ್ಲಿ ಮನೆ ಕಟ್ಟಿಕೊಂಡವರು ಹೆರಿಗೆಗೆ ಪಕ್ಕದೂರಿನ ಆಸ್ಪತ್ರೆಗೆ ಹೋಗುತ್ತಾರೆ. ಜಾಗ ಇದ್ದವರು ಸೂಲಗಿತ್ತಿಯನ್ನು ಮನೆಗೇ ಕರೆಸುತ್ತಾರೆ. ಮದುವೆಯಾಗಿ ಹೋದ ನಾದಿನಿಯರ ಕೋಣೆಯನ್ನು ಅತ್ತಿಗೆಯರು ವಾರಕ್ಕೊಮ್ಮೆ ಗುಡಿಸಬೇಕು, ಗುಡಿಸದಿದ್ದರೆ ಹಬ್ಬದ ದಿನ ರಂಪ. ಬೀದಿಗೆ ಚಾಚಿಕೊಂಡ ಕೋಣೆಗಳ ಮೇಲೆ ವರ್ಷಗಟ್ಟಲೆ ವ್ಯಾಜ್ಯ ನಡೆಯುತ್ತದೆ. ನಾನು ಹುಟ್ಟಿದ್ದು ಆಸ್ಪತ್ರೆಯಲ್ಲಿ, ಓಬಳೇಶ ಹುಟ್ಟಿದ್ದು ದಾರಿಯ ಮೇಲೆ, ಎತ್ತಿನ ಗಾಡಿಯಲ್ಲಿ. ಇಬ್ಬರಿಗೂ ಎಲ್ಲೂ ಕೋಣೆಯಿಲ್ಲ. ನಮಗೆ ಮಕ್ಕಳೂ ಆಗಲಿಲ್ಲ.

ಗುರುಶಾಂತಪ್ಪನವರಿಗೆ ಆರು ಮಕ್ಕಳು. ನಾಲ್ವರು ಈಗಿಲ್ಲ. ಉಳಿದವರು ಹಿರಿಯ ಮಗಳು ನೀಲಮ್ಮನವರು ಮತ್ತು ಅವರ ಕಿರಿಯ ತಮ್ಮ. ಕ್ರಯಪತ್ರದ ದಿನ ಇಬ್ಬರೂ ಬಂದು ಪದ್ಧತಿಯಂತೆ ತಮ್ಮ ತಮ್ಮ ಕೋಣೆಯ ಮೊದಲ ಇಟ್ಟಿಗೆ ಕಿತ್ತರು. ತಮ್ಮ ಕಿತ್ತವನೇ ಅದನ್ನು ಅಂಗಳಕ್ಕೆ ಎಸೆದು ಕೈ ತೊಳೆದುಕೊಂಡ. ಅರವತ್ತೊಂಬತ್ತರ ನೀಲಮ್ಮನವರು ಮಾತ್ರ ಇಟ್ಟಿಗೆಯನ್ನು ಸೆರಗಿನಲ್ಲಿ ಒರೆಸಿ ಕೈಚೀಲದೊಳಗೆ ಇಟ್ಟುಕೊಂಡರು. ‘ಅಡುಗೆಮನೆ ಹಿಂದಿಂದು?’ ಎಂದು ನಾನು ಕೇಳಿದ್ದೆ. ‘ಅದು ಉಗ್ರಾಣ. ಅಪ್ಪ ಕಟ್ಟಿಸಿದ್ದು’ ಎಂದು ಅವರು ಬೇರೆ ಕಡೆ ನೋಡುತ್ತ ಹೇಳಿದರು. ಹುಟ್ಟಿದ ಮನೆ ಮಾರುವ ಸಂಕಟ ಎಂದುಕೊಂಡೆ.

ಕೆಲಸಕ್ಕೆ ದಾದಾಪೀರ್ ಮೇಸ್ತ್ರಿಯನ್ನು ಕರೆಸಿದೆವು. ನಲವತ್ತು ವರ್ಷದಿಂದ ನಮ್ಮೂರಿನ ಹಳೆಯ ಮನೆಗಳನ್ನು ಬಿಚ್ಚಿ ಕಟ್ಟಿದವರು. ಗೋಡೆಗೆ ಕಿವಿಯಿಟ್ಟು ಬೆರಳಿಂದ ಬಡಿದು, ಇದು ಮಣ್ಣಿನದು, ಇದು ಗಾರೆಯದು ಎಂದು ಹೇಳುವವರು. ನಾನು ಅವರಿಗೆ ಮನೆ ತುಂಬ ಓಡಾಡಿ ತೋರಿಸಿದೆ. ಮುಂದಿನ ಎರಡು ಕೋಣೆ ಸೇರಿಸಿ ನಡುಮನೆ. ಪಡಸಾಲೆಯ ಕಂಬ ಹಾಗೇ ಇರಲಿ. ಅಡುಗೆಮನೆ ಮತ್ತು ಉಗ್ರಾಣದ ನಡುವಿನ ಗೋಡೆ ತೆಗೆದು ಒಂದೇ ಮಾಡಿ, ಎರಡು ಒಲೆ, ಉದ್ದಕ್ಕೆ ಕಡಪ ಕಲ್ಲು, ಏಳೆಂಟು ಹೆಂಗಸರು ಸಾಲಾಗಿ ಕೂತು ಲಟ್ಟಿಸುವಷ್ಟು ಜಾಗ. ತೋರಿಸುವ ಭರದಲ್ಲಿ ಉಗ್ರಾಣದ ಬಾಗಿಲಿಗೆ ಹಣೆ ಬಡಿಸಿಕೊಂಡೆ. ಅದು ನನ್ನ ಹುಬ್ಬಿನ ಮಟ್ಟಕ್ಕೆ ಇತ್ತು. ‘ಇಷ್ಟು ಕೆಳಗೆ ಯಾರು ಬಾಗಿಲು ಇಡ್ತಾರೆ ಮೇಸ್ತ್ರಿ?’ ಎಂದರೆ ದಾದಾಪೀರ್ ಗಡ್ಡ ನೀವಿಕೊಂಡರು.

ಮೊದಲ ದಿನವೇ ಆ ಗೋಡೆ ಕೆಡವಿದರು. ಸಂಜೆಗೆ ಅಡುಗೆಮನೆಯಲ್ಲಿ ನಿಂತು ಆ ತುದಿಯವರೆಗೆ ನೋಡಿದಾಗ ನನ್ನ ಎದೆ ಹಗುರಾಯಿತು. ಮರುದಿನ ಬೆಳಿಗ್ಗೆ ನಾವು ಆಟೋದಿಂದ ಇಳಿಯುವ ಮೊದಲೇ ಬಂದು ಅಂಗಳದಲ್ಲಿ ಕೂತಿದ್ದ ದಾದಾಪೀರ್ ಎದ್ದು ನಿಂತರು.

‘ಅಕ್ಕಾ, ಗೋಡೆ ವಾಪಸ್ ಬಂದೈತೆ ನೋಡ್ರಿ.’

ಒಳಗೆ ಹೋಗಿ ನೋಡಿದರೆ ಗೋಡೆ ಎಂದೂ ಬಿದ್ದೇ ಇಲ್ಲ ಎನ್ನುವಂತೆ ನಿಂತಿತ್ತು. ಒಲೆಯ ಮೇಲಿನ ಮಸಿ ಕೂಡ ಇದ್ದಲ್ಲೇ ಇತ್ತು. ಓಬಳೇಶ ಅದನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದ. ‘ಉಗ್ರಾಣ ಅಂದ್ರಲ್ಲ ಆಯಮ್ಮ! ನಮಗೆ ಟೋಪಿ ಹಾಕಿದ್ರು ಕಣೇ ಪಂಕಜಾ.’

‘ಒಬ್ಬರು ಇದಾರೆ’ ಎಂದರು ದಾದಾಪೀರ್. ‘ಇಲ್ಲಿ ಹುಟ್ಟಿದವರು, ಇನ್ನೂ ಉಸಿರಾಡ್ತಾ ಇರೋರು. ನನಗೆ ನಿನ್ನೆ ಬಾಗಿಲು ನೋಡಿದಾಗಲೇ ಅನುಮಾನ ಆತು. ಕೋಣೆ ಬೆಳೆಯಾದು ಮಗೀನ ಅಳತೆಗಲ್ಲ, ಆ ಮಗ ಮುಂದೆ ಎಷ್ಟು ಆಳಾಗ್ತಾನೋ ಆ ಅಳತೆಗೆ. ಗುರುಶಾಂತಪ್ಪಾರ ಮಕ್ಕಳೆಲ್ಲ ಆರಡಿ ಆಳು. ಇದು ಯಾರೋ ಗಿಡ್ಡಗಿರೋರ ಕೋಣೆ.’

ಆಮೇಲೆ ಅವರು ಉಗ್ರಾಣದ ಒಳಗೋಡೆಗಳನ್ನು ಒಂದೊಂದಾಗಿ ಬಡಿದು ನೋಡಿದರು. ಹಿಂದಿನ ಗೋಡೆಯ ಒಂದು ಕಡೆ ದನಿ ಬೇರೆಯಾಗಿತ್ತು. ಗಾರೆ ಕೆತ್ತಿದಾಗ ಒಳಗೆ ಕಿಟಕಿಯ ಚೌಕಟ್ಟು ಕಾಣಿಸಿತು. ಯಾರೋ ಅದಕ್ಕೆ ಹೊರಗಿನಿಂದ ಇಟ್ಟಿಗೆ ತುಂಬಿ ಮುಚ್ಚಿದ್ದರು. ಆ ಇಟ್ಟಿಗೆ ತೆಗೆದು ರಾಶಿ ಹಾಕಿದೆವು. ಮಾರನೆಯ ದಿನ ಅವು ರಾಶಿಯಲ್ಲೇ ಇದ್ದವು. ಮನುಷ್ಯರ ಕೈ ಕೆಲಸ ಅದು. ಕಿಟಕಿಯಿಂದ ಬಗ್ಗಿ ನೋಡಿದರೆ ಎದುರಿಗೆ ಹಾಳುಬಿದ್ದ ದನದ ಕೊಟ್ಟಿಗೆ. ಮನೆಯ ಬೇರೆ ಯಾವ ಕಿಟಕಿಯೂ ಕೊಟ್ಟಿಗೆಯ ಕಡೆಗೆ ಇರಲಿಲ್ಲ.

ಓಬಳೇಶ ಎರಡು ದಿನ ಯೋಚಿಸಿ ತನ್ನ ತೀರ್ಮಾನ ಹೇಳಿದ. ‘ಹುಡುಕೋದು ಬ್ಯಾಡ. ಹುಡುಕಿದ್ರೆ ಅವರು ಬರ್ತಾರೆ, ಬಂದ್ರೆ ಹಕ್ಕು ಅಂತಾರೆ, ನಾವು ನಮ್ಮ ಮನೇಲೇ ಪಕ್ಕಕ್ಕೆ ಸರಿದು ನಿಲ್ಲಬೇಕು. ಇಷ್ಟು ವರ್ಷ ಬರದವರು ಇನ್ನು ಬರಲ್ಲ. ಉಗ್ರಾಣ ಉಗ್ರಾಣವಾಗೇ ಇರಲಿ.’

‘ಉಗ್ರಾಣ ಇಟ್ಕೊಂಡು ನಾನೇನ್ ಮಾಡ್ಲಿ? ನನಗೆ ಅಡುಗೆಮನೆ ಬೇಕು. ಅವರನ್ನ ಹುಡುಕಿ ಕೈಕಾಲು ಹಿಡಿದಾದರೂ ಮೊದಲ ಇಟ್ಟಿಗೆ ಕೀಳಿಸ್ತೀನಿ’ ಎಂದೆ. ಈಗ ಹೇಳುವಾಗ ನಾಚಿಕೆಯಾಗುತ್ತದೆ. ನಾನು ಹುಡುಕಲು ಹೊರಟದ್ದು ನ್ಯಾಯಕ್ಕಾಗಿ ಅಲ್ಲ, ಜೂನ್ ಬರುವುದರೊಳಗೆ ಒಲೆ ಹೂಡುವುದಕ್ಕಾಗಿ.

ನೀಲಮ್ಮನವರು ಊರೊಳಗೆ ಮಗ ಸೊಸೆಯ ಜೊತೆ ಇದ್ದರು. ನಾನು ಹೋದಾಗ ಸೊಸೆಯ ಎದುರು ಕೂತು ಶೇಂಗಾ ಸುಲಿಯುತ್ತಿದ್ದರು. ‘ಗೋಡೆ ವಾಪಸ್ ಬಂತಮ್ಮ’ ಎಂದೆ. ಅವರ ಕೈ ನಿಂತಿತು. ಸೊಸೆಯನ್ನು ನೋಡಿ, ‘ನೀನು ಟೀ ಇಡು ಹೋಗವ್ವ’ ಎಂದರು. ಸೊಸೆ ಒಳಗೆ ಹೋಗುವ ತನಕ ಕಾದರು.

‘ಬದುಕಿದಾಳಾ ಹಂಗಾದ್ರೆ’ ಎಂದರು.

‘ಯಾರು?’

‘ದುರುಗಮ್ಮನ ಮಗಳು. ಹುಲಿಗೆಮ್ಮ ಅಂತ ಹೆಸರಿಟ್ಟಿದ್ರು.’

ದುರುಗಮ್ಮ ಅವರ ಮನೆಯ ಕೆಲಸದಾಳು. ಕಣಕ್ಕೆ ಜೋಳದ ತೆನೆ ಬಂದಿದ್ದ ಕಾಲ, ನೀಲಮ್ಮನವರಿಗೆ ಆಗ ಹನ್ನೊಂದು ವರ್ಷ. ಮಧ್ಯಾಹ್ನ ಅಕಾಲದ ಮಳೆ ಹಿಡಿಯಿತು. ತುಂಬಿದ ಬಸುರಿ ದುರುಗಮ್ಮ ತೆನೆಯ ಮೇಲೆ ತಾಡಪಾಲು ಎಳೆಯುತ್ತಿದ್ದವಳು ಅಲ್ಲೇ ಕುಕ್ಕರಿಸಿದಳು. ಹಳ್ಳ ಬಂದಿತ್ತು, ಅವಳ ಕೇರಿಗೆ ಸಾಗಿಸುವಂತಿರಲಿಲ್ಲ. ನೀಲಮ್ಮನವರ ಅಜ್ಜಿ, ‘ಕೊಟ್ಟಿಗೆಗೆ ಕರ್ಕೊಂಡು ಬರ್ರೇ, ಜೀವ ಹೋಗ್ತೈತೆ’ ಎಂದು ಕೂಗಿದರಂತೆ. ಕೊಟ್ಟಿಗೆ ಮನೆಯ ಹಿತ್ತಲಿನಲ್ಲೇ ಇತ್ತು. ಅಲ್ಲಿ ಹೆರಿಗೆಯಾಯಿತು. ‘ಕೊಟ್ಟಿಗೇಲಿ ಹುಟ್ಟಿದ್ದು ಮನೇಲಿ ಹುಟ್ಟಿದಂಗಲ್ಲ ಅಂತ ಎಲ್ಲರೂ ಅಂದ್ಕೊಂಡಿದ್ವಿ’ ಎಂದರು ನೀಲಮ್ಮನವರು. ‘ಮನೆಗೆ ಆ ಭೇದ ಗೊತ್ತಿರಲಿಲ್ಲ. ಆರು ತಿಂಗಳಿಗೆ ಅಡುಗೆಮನೆ ಹಿಂದೆ ಪಾಯ ಎದ್ದಿತು.’

ಗುರುಶಾಂತಪ್ಪನವರು ಮೊದಲು ಅದನ್ನು ಎರಡು ಸಲ ಕೆಡವಿಸಿದರು. ಎರಡು ಸಲವೂ ಬೆಳಿಗ್ಗೆ ಬಂದು ನಿಂತಿತು. ಆಳಿನ ಮಗಳ ಕೋಣೆ ತಮ್ಮ ಮನೆಯಲ್ಲಿ, ಅದೂ ಅಡುಗೆಮನೆಗೆ ಹೊಂದಿಕೊಂಡು. ಹೊರಗೆ ತಿಳಿದರೆ ನೆಂಟರು ಮನೆಯಲ್ಲಿ ನೀರು ಮುಟ್ಟುವುದಿಲ್ಲ ಎಂಬ ಭಯ. ಸೂರು ಬರುವ ಹೊತ್ತಿಗೆ ಕಿಟಕಿಗೆ ಇಟ್ಟಿಗೆ ತುಂಬಿಸಿದರು, ಒಳಗೆ ಜೋಳದ ಚೀಲ ಪೇರಿಸಿದರು, ಕೇಳಿದವರಿಗೆ ಉಗ್ರಾಣ ಕಟ್ಟಿಸಿದೆ ಎಂದರು. ದುರುಗಮ್ಮನಿಗೆ ಎರಡು ಚೀಲ ಜೋಳ ಕೊಟ್ಟು ಹಳ್ಳದಾಚೆ ಅವಳ ಅಣ್ಣನ ಊರಿಗೆ ಕಳಿಸಿದರು. ಈ ಕಡೆ ತಲೆ ಹಾಕಬಾರದು, ಹುಡುಗಿಗೆ ಹೇಳಕೂಡದು ಎಂದು ಮಾತು ತೆಗೆದುಕೊಂಡರು.

‘ಮಾರುವಾಗಲಾದ್ರೂ ಹೇಳಬೌದಿತ್ತಲ್ಲಮ್ಮ.’

‘ಸತ್ತಿರ್ತಾಳೆ ಅಂದ್ಕೊಂಡೆ. ಹಂಗೆ ಅಂದ್ಕೊಳ್ಳೋದು ಸುಲಭ ಇತ್ತು. ಒಂದು ಇಟ್ಟಿಗೆ ತೆಗೆದಿಟ್ಟು ಬೆಳಿಗ್ಗೆ ನೋಡಿದ್ರೆ ಗೊತ್ತಾಗ್ತಿತ್ತು. ನೋಡಲಿಲ್ಲ.’ ಅವರು ಮಡಿಲಲ್ಲಿದ್ದ ಶೇಂಗಾ ಸಿಪ್ಪೆಯನ್ನು ಒಟ್ಟು ಮಾಡುತ್ತ ಹೇಳಿದರು. ‘ನನ್ನ ಹೆಸರು ಹೇಳಬ್ಯಾಡ ಪಂಕಜಾಕ್ಷಿ.’ ಸಿಪ್ಪೆಯನ್ನು ಮೊರಕ್ಕೆ ಸುರಿದು, ‘ಇಲ್ಲ, ಹೇಳು. ನಾನೇ ಹೇಳಿದೆ ಅಂತ ಹೇಳು’ ಎಂದರು.

ಹಳ್ಳದಾಚೆಯ ಊರು ದೂರವೇನಲ್ಲ. ಓಬಳೇಶ ಗೊಣಗುತ್ತಲೇ ಆಟೋ ತಂದ. ಹುಲಿಗೆಮ್ಮ ಎಂದು ಕೇಳಿದ ತಕ್ಷಣ ಎಲ್ಲರೂ ಶಾಲೆಯ ಕಡೆ ಕೈ ತೋರಿಸಿದರು. ಬಿಸಿಯೂಟದ ಅಡುಗೆಯವಳು. ಶಾಲೆಯ ಹಿಂದಿನ ತಗಡಿನ ಕೋಣೆಯಲ್ಲಿ, ಆಳೆತ್ತರದ ಹಂಡೆಯ ಮುಂದೆ ಮಣೆ ಹಾಕಿಕೊಂಡು ನಿಂತು ಒಬ್ಬ ಗಿಡ್ಡ ಹೆಂಗಸು ಸಾಂಬಾರು ಕೈಯಾಡಿಸುತ್ತಿದ್ದಳು. ಐವತ್ತೆಂಟಾದರೂ ಕೂದಲು ಅಷ್ಟಾಗಿ ನರೆತಿರಲಿಲ್ಲ. ನಾನು ಬಾಯಿ ತೆರೆಯುವ ಮುಂಚೆಯೇ ಆಕೆ, ‘ಹೊಸಾ ಟೀಚರಾ? ಇಲ್ವಾ? ಯಾರಾದ್ರೂ ಸೈ, ಈ ಅನ್ನದ ಪಾತ್ರೆ ಒಂದ್ ಕೈ ಹಿಡಿ. ಇವತ್ತು ನಮ್ಮ ಜೊತೆಯಾಕೆ ರಜೆ ಹಾಕ್ಯಾಳೆ, ನೂರ ಮೂವತ್ತು ಮಕ್ಕಳು’ ಎಂದಳು. ಅನ್ನ ಇಳಿಸಿದೆ, ಬಸಿದೆ, ಸಾಲಾಗಿ ಕೂತ ಮಕ್ಕಳಿಗೆ ಬಡಿಸಿದೆ. ಓಬಳೇಶನ ಕೈಗೂ ನೀರಿನ ಕೊಡ ಬಂತು. ಕೊನೆಯ ಸಾಲು ಎದ್ದ ಮೇಲೆ ನಮಗೂ ತಟ್ಟೆ ಕೊಟ್ಟು, ‘ಈಗ ಹೇಳವ್ವ’ ಎಂದಳು.

ಹೇಳಿದೆ. ಉಣ್ಣುತ್ತಿದ್ದ ಆಕೆಯ ಕೈ ತಟ್ಟೆಯಲ್ಲೇ ಉಳಿಯಿತು.

‘ಸುಳ್ಳು. ನಾನು ಬಯಲಾಗೆ ಹುಟ್ಟಿದಾಕಿ. ಹುಣಸೆ ಮರದ ಬುಡಕ್ಕೆ. ನಮ್ಮವ್ವ ಮರ ಸೈತ ತೋರಿಸ್ಯಾಳೆ.’

‘ಕೊಟ್ಟಿಗೇಲಿ ಹುಟ್ಟಿದ್ದು ಅಕ್ಕಾ. ನೀಲಮ್ಮನೋರೇ ಹೇಳಿದ್ರು.’

‘ನಮ್ಮವ್ವ ಸುಳ್ಳು ಹೇಳಿದ್ಲು ಅಂತೀಯಾ?’ ಆಕೆಯ ದನಿ ಏರಿತು. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ಈ ಕಡೆ ತಿರುಗಿದರು. ನಾನು ದಾದಾಪೀರ್ ಹೇಳಿದ ಮಾತು ಹೇಳಿದೆ. ಕಿಟಕಿ ಎಷ್ಟು ಕೆಳಗಿದೆ, ನನ್ನ ಹಣೆ ಹೇಗೆ ಬಡಿಯಿತು, ಬಾಗಿಲು ಎಷ್ಟು ಎತ್ತರಕ್ಕಿದೆ ಎಂದು ಎದ್ದು ನಿಂತು ಕೈಯಲ್ಲೇ ಅಳತೆ ತೋರಿಸಿದೆ. ನನ್ನ ಕೈ ನಿಂತ ಮಟ್ಟವನ್ನು ನೋಡಿದವಳು ತಾನು ಕೂತಲ್ಲಿಂದ ಎದ್ದು ಅದರ ಪಕ್ಕಕ್ಕೆ ಬಂದು ನಿಂತಳು. ನನ್ನ ಅಂಗೈ ಆಕೆಯ ನೆತ್ತಿಯಿಂದ ನಾಲ್ಕು ಬೆರಳು ಮೇಲಿತ್ತು.

ತಟ್ಟೆ ತೊಳೆಯುತ್ತ ಆಕೆ ಕೇಳಿದಳು. ‘ನಿನಗೇನ್ ಬೇಕು ನನ್ನಿಂದ? ಬರೇ ಸುದ್ದಿ ಹೇಳಾಕೆ ಬಂದಿಲ್ಲ ನೀನು.’

ಮುಚ್ಚಿಡಲಿಲ್ಲ. ಹಪ್ಪಳದ ಕೆಲಸ, ಇಕ್ಕಟ್ಟಿನ ಅಡುಗೆಮನೆ, ಮೊದಲ ಇಟ್ಟಿಗೆ ಎಲ್ಲ ಹೇಳಿದೆ. ‘ಅಷ್ಟೇನಾ’ ಎಂದಳು. ‘ಐವತ್ತೆಂಟು ವರ್ಷ ಇಲ್ಲದ ಕೋಣೆ ಇನ್ನು ತಗೊಂಡು ಏನ್ ಮಾಡ್ಲಿ? ನನಗೆ ಇಲ್ಲಿ ಮಗಳ ಮನೆ ಐತೆ. ಭಾನುವಾರ ಶಾಲೆ ಇರಲ್ಲ. ಬಂದು ಕಿತ್ತು ಕೊಡ್ತೀನಿ.’ ಹಿಂತಿರುಗುವಾಗ ಓಬಳೇಶ ದಾರಿಯುದ್ದಕ್ಕೂ ಶಿಳ್ಳೆ ಹಾಕಿದ. ನನಗೂ ಗೆದ್ದ ಹಾಗೆ ಅನಿಸಿತ್ತು.

ಭಾನುವಾರ ಬೆಳಿಗ್ಗೆ ಹುಲಿಗೆಮ್ಮಕ್ಕ ಒಗೆದು ಮಡಿಸಿಟ್ಟಿದ್ದ ಹಸಿರು ಸೀರೆ ಉಟ್ಟು, ಬಸ್ಸಿಳಿದು ನಡೆದುಕೊಂಡೇ ಬಂದಳು. ಪಡಸಾಲೆ ಹತ್ತುವ ಮುಂಚೆ ಒಂದು ಗಳಿಗೆ ನಿಂತಳು. ಆಮೇಲೆ ಹಿಂದಿನಿಂದ ಸುತ್ತಿ ಕೊಟ್ಟಿಗೆಯ ಕಡೆಗೆ ಹೊರಟಳು. ‘ಈ ಕಡೆ ಅಕ್ಕಾ, ಮುಂದಿನ ಬಾಗಿಲಿಂದ’ ಎಂದು ನಾನು ಕೈ ಹಿಡಿದು ಕರೆದೆ. ನಡುಮನೆ, ಅಡುಗೆಮನೆ ದಾಟಿ ಉಗ್ರಾಣದ ಬಾಗಿಲಿಗೆ ಬಂದೆವು. ನಾನು ಬಗ್ಗಿದೆ, ದಾದಾಪೀರ್ ಬಗ್ಗಿದರು. ಆಕೆ ನೆಟ್ಟಗೆ ನಡೆದು ಒಳಗೆ ಹೋದಳು.

ಒಳಗೆ ಬೆಳಕಿತ್ತು, ಕಿಟಕಿ ತೆರೆದಿತ್ತಲ್ಲ. ಆಕೆ ನಡುವೆ ನಿಂತು ನಾಲ್ಕೂ ಕಡೆ ನೋಡಿದಳು. ಬಲಗೋಡೆಯಲ್ಲಿ ಒಂದು ಗೂಡಿತ್ತು. ನಾನು ಅದನ್ನು ಬಳಸಬೇಕಾದರೆ ಬಗ್ಗಬೇಕಾಗಿತ್ತು, ಆಕೆಗೆ ಅದು ಮೊಣಕೈ ಮಡಿಸಿದರೆ ಸಿಗುವ ಮಟ್ಟಕ್ಕಿತ್ತು. ಸೊಂಟದಲ್ಲಿದ್ದ ಎಲೆ ಅಡಿಕೆಯ ಚೀಲವನ್ನು ತೆಗೆದು, ನೋಡದೆಯೇ, ದಿನಾ ಇಡುವವಳಂತೆ ಅದರಲ್ಲಿಟ್ಟಳು. ಇಟ್ಟ ಮೇಲೆ ತಾನೇ ಬೆಚ್ಚಿ ಕೈಯನ್ನು ನೋಡಿಕೊಂಡಳು. ಕಿಟಕಿಯ ಕಟ್ಟೆಯ ಮೇಲೆ ಕೂತಳು. ಕಾಲು ನೆಲಕ್ಕೆ ಸರಿಯಾಗಿ ತಾಕಿತು. ‘ಎಲ್ಲಿ ಕೂತ್ರೂ ನನ್ನ ಕಾಲು ಜೋತಾಡ್ತವೆ. ಬಸ್ಸಿನಾಗೂ, ಶಾಲೆ ಬೆಂಚಿನಾಗೂ’ ಎಂದಳು ಮೆಲ್ಲಗೆ, ಯಾರಿಗೂ ಅಲ್ಲದಂತೆ.

ದಾದಾಪೀರ್ ಉಳಿ, ಸುತ್ತಿಗೆ ಕೊಟ್ಟರು. ಆಕೆ ಎದ್ದು ಗೋಡೆಯ ಮುಂದೆ ನಿಂತು ಸಂದಿಗೆ ಉಳಿ ಇಟ್ಟಳು. ಒಂದು ಪೆಟ್ಟು ಹಾಕಿದಳು. ಗಾರೆ ಉದುರಿತು. ಎರಡನೆಯದಕ್ಕೆ ಎತ್ತಿದ ಕೈ ಮೇಲೇ ಉಳಿಯಿತು. ನಾವು ಕಾದೆವು. ಆಕೆ ಸುತ್ತಿಗೆಯನ್ನು ಇಳಿಸಿ, ಉದುರಿದ ಗಾರೆಯನ್ನು ಕಾಲಿಂದ ಒಂದು ಕಡೆ ಸರಿಸಿದಳು.

‘ಆಗವಲ್ದು ಕಣವ್ವ. ಮಾತು ಕೊಟ್ಟಿದ್ದೆ. ತಪ್ಪಾತು. ಕೊಡಾಕೆ ಆಗವಲ್ದು ನನಗೆ.’

ನಾನು ಒಳ್ಳೆಯವಳಂತೆ ನಡೆದುಕೊಂಡೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆಕೆಯತ್ತ ನೋಡದೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಹದಿನೆಂಟು ವರ್ಷ ಕಂಡವರ ಜಗಲಿಯಲ್ಲಿ ಕೂತದ್ದು ನೆನಪಾಯಿತು. ಕೊನೆಗೂ ಒಂದು ಮನೆ ಅಂತ ಆದರೆ ಅದರೊಳಗೂ ನನಗೆ ಬೇಕಾದ ಜಾಗವೇ ಬೇರೆಯವರದು. ಆಕೆಗೆ ಅಷ್ಟುದ್ದದ ಕೋಣೆಯಾದರೂ ಇದೆ, ನನಗೆ ಅಳತೆ ಮಾಡಿ ಯಾವ ಗೋಡೆ ಎದ್ದಿದೆ ಎಂದು ಹೊಟ್ಟೆ ಉರಿಯಿತು. ಅತ್ತುಬಿಟ್ಟೆ. ಓಬಳೇಶ ಬಂದು ಪಕ್ಕದಲ್ಲಿ ನಿಂತ. ಹುಡುಕಬೇಡ ಅಂದಿದ್ದೆನಲ್ಲ ಎಂದು ಈಗ ಹೇಳುತ್ತಾನೆ, ಹೇಳಿದರೆ ಈ ಕಲ್ಲಲ್ಲೇ ಬಡಿಯುತ್ತೇನೆ ಎಂದುಕೊಂಡೆ.

‘ಆಯಕ್ಕ ಒಳಗೆ ಕೂತು ನೆಲ ಒರೆಸ್ತಾ ಐತೆ’ ಎಂದ. ‘ಸೆರಗಿಂದ. ನನಗೆ ನೋಡಾಕಾಗ್ಲಿಲ್ಲ. ಬಂದ್ಬಿಟ್ಟೆ.’

ಎದುರಿಗೆ ಕೊಟ್ಟಿಗೆ. ಹಂಚು ಅರ್ಧ ಜಾರಿತ್ತು, ಒಳಗೆ ಬೇಲಿಗಿಡ ಬೆಳೆದಿತ್ತು, ಗೋದಲಿಯ ಕಲ್ಲು ಮಾತ್ರ ಗಟ್ಟಿಯಾಗಿತ್ತು. ಓಬಳೇಶ ಆ ಕಡೆ ಮುಖ ಮಾಡಿ, ‘ಇಲ್ಲಿ ಹನ್ನೆರಡು ದನ ನಿಲ್ತಿದ್ವಂತೆ. ಎಂಟು ಹೆಂಗಸರು ಕೂರಲ್ವಾ?’ ಎಂದ. ನಾನು ಅವನ ಮುಖ ನೋಡಿದೆ. ಅವನು ನಿಜವಾಗಿಯೂ ಕೇಳುತ್ತಿದ್ದ.

ದಾದಾಪೀರ್ ಇದ್ದಿಲು ಹಿಡಿದು ಕೊಟ್ಟಿಗೆಯ ನೆಲದ ಮೇಲೆಯೇ ಹೊಸ ನಕಾಶೆ ಬರೆದರು. ಹಂಚು ತೆಗೆದು ತಗಡು, ನಡುವೆ ಎರಡು ಗಾಜಿನ ಹಂಚು, ಪಡುವಣ ಗೋಡೆಗೆ ಒಲೆ, ಹಿಂದಿನ ಬಯಲಿಗೆ ಹಪ್ಪಳ ಒಣಗಿಸಲು ಕಟ್ಟೆ. ಉಗ್ರಾಣದ ಕಿಟಕಿಯಿಂದ ಹುಲಿಗೆಮ್ಮಕ್ಕ ಎಲ್ಲವನ್ನೂ ನೋಡುತ್ತಿದ್ದವಳು, ‘ಒಲೆ ಆ ಗೋಡೆಗೆ ಇಡಬ್ಯಾಡ್ರಿ ಮೇಸ್ತ್ರಿ. ಪಡುವಣ ಗಾಳಿ ಬೀಸಿದ್ರೆ ಹೊಗೆ ಪೂರಾ ಹೆಣ್ಣುಮಕ್ಕಳ ಕಣ್ಣಿಗೆ ಹೊಡೀತದೆ’ ಎಂದು ಕೂಗಿದಳು. ಇಪ್ಪತ್ತು ವರ್ಷ ನೂರಾರು ಮಕ್ಕಳಿಗೆ ಬೇಯಿಸಿದವಳ ಮಾತು. ದಾದಾಪೀರ್ ಅಳಿಸಿ ಬೇರೆ ಕಡೆ ಬರೆದರು.

ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಆಕೆ ಬಂದಳು. ಒಂದು ವಾರ ಸುಣ್ಣ ತಂದು ಗೋಡೆಗೆ ಬಳಿದಳು. ಒಂದು ವಾರ ಮಗಳನ್ನು ಕರೆತಂದು ತೋರಿಸಿದಳು. ಇನ್ನೊಂದು ವಾರ ಏನೂ ಮಾಡದೆ ಬಾಗಿಲು ಹಾಕಿಕೊಂಡು ಮಧ್ಯಾಹ್ನವಿಡೀ ಮಲಗಿ ಎದ್ದು, ಮುಖ ತೊಳೆದು, ಹೋಗಿ ಬಸ್ಸು ಹತ್ತಿದಳು. ಇದು ಯಾಕೆ ಬಂತೋ ಎಂದು ಗೊಣಗಿದ್ದ ಓಬಳೇಶ ಆಕೆಗೆಂದು ಒಂದು ಗಿಡ್ಡ ಮಂಚ ಹುಡುಕಿ ಆಟೋದಲ್ಲಿ ಹಾಕಿಕೊಂಡು ಬಂದ. ನೀಲಮ್ಮನವರ ಮಾತು ಎರಡು ಸಲ ಎತ್ತಿದೆ. ಎರಡು ಸಲವೂ ಆಕೆ ಎದ್ದು ಪೊರಕೆ ಹಿಡಿದಳು.

ಮೇ ಕೊನೆಯ ವಾರ ಗೃಹಪ್ರವೇಶ ಇಟ್ಟುಕೊಂಡೆವು. ಮಾರಿದವರನ್ನೂ ಕರೆಯುವುದು ಮರ್ಯಾದೆ. ಕರೆದೆ, ಬರಲಾರರು ಎಂದುಕೊಂಡೆ. ಹನ್ನೊಂದು ಗಂಟೆಯ ಹೊತ್ತಿಗೆ ನೀಲಮ್ಮನವರು ಸೊಸೆಯ ಕೈ ಹಿಡಿದುಕೊಂಡು ಬಂದರು. ಪೂಜೆ ಮುಗಿದಿತ್ತು, ಕೊಟ್ಟಿಗೆಯಲ್ಲಿ ಊಟಕ್ಕೆ ಎಲೆ ಹಾಕುತ್ತಿದ್ದರು. ಅವರು ಒಂದು ಕಾಲಕ್ಕೆ ತಮ್ಮ ಕೋಣೆಯಿದ್ದ ಜಾಗದಲ್ಲಿ, ಈಗ ನಡುಮನೆಯಾದಲ್ಲಿ, ಸ್ವಲ್ಪ ನಿಂತರು. ಆಮೇಲೆ ಸೊಸೆಯ ಕೈ ಬಿಟ್ಟು ಒಬ್ಬರೇ ಅಡುಗೆಮನೆ ದಾಟಿ ಉಗ್ರಾಣದ ಹೊಸ್ತಿಲ ಹೊರಗೆ ಬಂದು ನಿಂತುಕೊಂಡರು. ನಮ್ಮಲ್ಲಿ ಜೀವ ಇರುವ ಕೋಣೆಯೊಳಗೆ ಒಡೆಯರು ಇದ್ದಾಗ ಅವರು ಕರೆಯದೆ ಯಾರೂ ಕಾಲಿಡುವುದಿಲ್ಲ. ಒಳಗೆ ಮಂಚದ ಮೇಲೆ ಕೂತು ವೀಳ್ಯದೆಲೆ ಮಡಿಸುತ್ತಿದ್ದ ಹುಲಿಗೆಮ್ಮಕ್ಕ ಅವರನ್ನು ನೋಡಿದಳು. ಕರೆಯಲಿಲ್ಲ. ನಾನು ತಾಂಬೂಲದ ತಟ್ಟೆ ಹಿಡಿದು ಅಡುಗೆಮನೆಯಲ್ಲೇ ನಿಂತುಬಿಟ್ಟೆ.

‘ನಾನು ನೀಲ’ ಎಂದರು ಅವರು.

‘ಗೊತ್ತಾತು.’

‘ತಪ್ಪಾಗೈತೆ ನಮ್ಮಿಂದ. ಅಪ್ಪ ಮಾಡಿದ್ದು ಅಂತ ಹೇಳಿ ಕೈ ತೊಳ್ಕೊಳ್ಳಾಕೆ ಬಂದಿಲ್ಲ. ನಾನೂ ಸುಮ್ನಿದ್ದೆ. ಎಲ್ಲ ಗೊತ್ತಿದ್ದೂ ಸುಮ್ನಿದ್ದೆ.’

ಹುಲಿಗೆಮ್ಮಕ್ಕ ಎಲೆ ಮಡಿಸುವುದನ್ನು ನಿಲ್ಲಿಸಲಿಲ್ಲ. ಒಂದು ಮಡಿಸಿದಳು, ಇನ್ನೊಂದು ತೆಗೆದಳು. ನೀಲಮ್ಮನವರು ಗೋಡೆಗೆ ಕೈ ಊರಿಕೊಂಡರು, ಅವರಿಗೆ ಮಂಡಿ ನೋವು, ಬಹಳ ಹೊತ್ತು ನಿಲ್ಲಲಾರರು. ಕುರ್ಚಿ ತಂದು ಕೊಡಲೇ ಅನಿಸಿತು. ಅದು ನನ್ನ ಕೆಲಸವಲ್ಲ ಎಂದು ಯಾಕೋ ಅನಿಸಿ ಸುಮ್ಮನಾದೆ.

‘ನಮ್ಮವ್ವ ನೋವು ತಿನ್ನುವಾಗ ನೀನೆಲ್ಲಿದ್ದೆ?’ ಎಂದು ಕೇಳಿದಳು ಕೊನೆಗೆ.

‘ಅಲ್ಲೇ ಇದ್ದೆ. ಅಜ್ಜಿಗೆ ಬಿಸಿನೀರು ಹೊತ್ತು ಕೊಡ್ತಿದ್ದೆ. ನಿಮ್ಮವ್ವ ನನ್ನ ಕೈ ಹಿಡ್ಕೊಂಡ್ಲು. ಮೂಳೆ ಮುರೀತೇನೋ ಅನ್ನೋಹಂಗೆ ಹಿಡ್ಕೊಂಡಿದ್ಲು. ಎಂಟು ದಿನ ಕೈ ಊದಿತ್ತು.’

‘ಅತ್ತಳಾ?’

‘ಇಲ್ಲ. ಹಾಡಿದ್ಲು. ನೋವು ಬಂದಾಗೆಲ್ಲ ಬೀಸೋ ಕಲ್ಲಿನ ಪದ ಹಾಡ್ತಿದ್ಲು. ನೀನು ಹುಟ್ಟಿದ ಮೇಲೆ ನಿನ್ನ ಮೊದಲು ಎತ್ಕೊಂಡಾಕಿ ನಾನು. ಅಜ್ಜಿ ಬಟ್ಟೆ ತರಾಕೆ ಹೋಗಿದ್ಲು.’

ಹುಲಿಗೆಮ್ಮಕ್ಕ ಮಡಿಸುತ್ತಿದ್ದ ಎಲೆಯನ್ನು ಮಡಿಲಿಗೆ ಹಾಕಿಕೊಂಡಳು. ಆಕೆಗೆ ತಾಯಿ ಗೊತ್ತಿದ್ದದ್ದು ಮುಪ್ಪಿನಲ್ಲಿ, ಕೆಮ್ಮಿನಲ್ಲಿ, ಬೈಗುಳದಲ್ಲಿ. ಇಪ್ಪತ್ತು ದಾಟಿದ, ನೋವಿನಲ್ಲಿ ಹಾಡುವ ದುರುಗಮ್ಮನನ್ನು ಕಂಡವರು ಈ ಭೂಮಿಯ ಮೇಲೆ ಈ ಒಬ್ಬರೇ ಉಳಿದಿದ್ದರು. ಮಂಚದ ಮೇಲಿದ್ದ ತಟ್ಟೆಯನ್ನು ಸರಿಸಿ ಜಾಗ ಮಾಡಿದಳು. ಅಮ್ಮಾ ಎನ್ನಲಿಲ್ಲ, ಗೌಡತಿ ಎನ್ನಲಿಲ್ಲ.

‘ಬಾ ಅಕ್ಕಾ, ಒಳಗೆ ಬಾ. ಕುಂತು ಹೇಳು. ಯಾವ ಪದ ಹಾಡಿದ್ಲು, ಯಾವ ಸೀರೆ ಉಟ್ಟಿದ್ಲು, ಎಲ್ಲಾ ಹೇಳು.’

ನೀಲಮ್ಮನವರು ಒಳಗೆ ಹೋದರು. ನಾನು ಅಲ್ಲಿಂದ ಕಾಲು ಕಿತ್ತೆ. ಹೊರಗೆ ಊಟದ ಗಡಿಬಿಡಿ. ಮೊದಲ ಪಂಕ್ತಿ ಎದ್ದಿತು, ಅವರಿಬ್ಬರೂ ಬರಲಿಲ್ಲ. ಎರಡನೆಯ ಪಂಕ್ತಿಗೆ ಕರೆಯಲು ಹೋದೆ, ಬಾಗಿಲ ಹತ್ತಿರ ಹೋಗಿ ಹಿಂತಿರುಗಿದೆ. ಒಳಗೆ ಒಂದು ಒಡಕು ದನಿ ಪದದ ಮೊದಲ ಸಾಲು ಹೇಳುತ್ತಿತ್ತು, ಇನ್ನೊಂದು ದನಿ ಅದನ್ನು ಹಿಡಿಯಲು ಹೆಣಗುತ್ತಿತ್ತು. ಮೂರನೆಯ ಪಂಕ್ತಿಯೂ ಮುಗಿದು, ದಾದಾಪೀರ್ ಎಲೆ ಅಡಿಕೆ ಹಾಕಿಕೊಂಡು ಹೊರಟ ಮೇಲೆ, ಬುಟ್ಟಿಯಲ್ಲಿ ಅನ್ನ, ಹೋಳಿಗೆ, ಸಾರಿನ ಪಾತ್ರೆ ಎಲ್ಲ ಇಟ್ಟುಕೊಂಡು, ಎರಡು ಬಾಳೆ ಎಲೆ ಹಿಡಿದು ಹೊಸ್ತಿಲಿಗೆ ಹೋದೆ.

‘ಇಲ್ಲೇ ಬಡಿಸ್ಲಾ ಅಕ್ಕಾ?’

ಹುಲಿಗೆಮ್ಮಕ್ಕ ನನ್ನ ಕೈಯಲ್ಲಿದ್ದ ಎಲೆಗಳನ್ನು ನೋಡಿದಳು, ಆಮೇಲೆ ನನ್ನ ಮುಖ.

‘ಬೆಳಗಿಂದ ನೀನು ಉಂಡಿಲ್ಲ’ ಎಂದಳು. ‘ಹೋಗು, ಇನ್ನೊಂದು ಎಲೆ ತಗೊಂಡು ಒಳಗೆ ಬಾ.’